ಕೊಯಮತ್ತೂರಿನ ಪ್ರಾಜೆಕ್ಟ್: ತುಮಕೂರಿನ ಒಂದು ಎಂಬಿಎ ವಿಭಾಗದಲ್ಲಿ ಸಹಿಯ ಪ್ರಶ್ನೆ

ಇದು ತುಮಕೂರಿನ ಒಂದು ಎಂಬಿಎ ವಿಭಾಗದಲ್ಲಿ ನಡೆದ ಪ್ರಕರಣ. ಮೂವರು ಅಧ್ಯಾಪಕರ ಮುಂದೆ ಒಂದೇ ಸಂಗತಿ ಬಂತು. ಮೂವರೂ ಬೇರೆ ಬೇರೆ ತೀರ್ಮಾನಕ್ಕೆ ಬಂದರು. ಮೂವರೂ ಒಳ್ಳೆಯ ಮೇಷ್ಟ್ರುಗಳೇ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು. ಕೆಟ್ಟವರು ಕೆಟ್ಟದ್ದು ಮಾಡಿದ ಕಥೆಯಲ್ಲಿ ನಮಗೆ ಕಲಿಯುವುದು ಅಷ್ಟೇನೂ ಇರುವುದಿಲ್ಲ. ಒಳ್ಳೆಯವರು ಒಬ್ಬರಿಗೊಬ್ಬರು ಅಡ್ಡ ನಿಂತಾಗ ಏನಾಗುತ್ತದೆ ಅನ್ನುವುದನ್ನು ನೋಡಬೇಕು.

ಯಾರ ಹೆಸರನ್ನೂ ಬರೆದಿಲ್ಲ. ಬದಲಿ ಹೆಸರನ್ನೂ ಇಟ್ಟಿಲ್ಲ. ನಮ್ಮ ಕಡೆ ಹೆಸರು ಹೇಳಿದರೆ ಜಾತಿ ಯಾವುದು ಅಂತ ಊಹೆ ಶುರುವಾಗುತ್ತದೆ. ಆಮೇಲೆ ಓದುವವರು ತೀರ್ಮಾನವನ್ನು ಬಿಟ್ಟು, ಅದನ್ನು ಮಾಡಿದವರು ಯಾರ ಕಡೆಯವರು ಅಂತ ನೋಡತೊಡಗುತ್ತಾರೆ. ಹಾಗಾಗಿ ಮುಖ್ಯಸ್ಥರು, ಮೇಡಂ, ಅತಿಥಿ ಉಪನ್ಯಾಸಕರು ಎಂದಷ್ಟೇ ಕರೆಯುತ್ತೇನೆ. ತುಮಕೂರಿನಲ್ಲಿ ಎಂಬಿಎ ಹೇಳಿಕೊಡುವ ಸಂಸ್ಥೆಗಳು ಒಂದೆರಡಲ್ಲ. ಇದು ಯಾವುದು ಎಂದು ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾನು ಬೇರೊಂದು ಸಂಸ್ಥೆಯಲ್ಲಿ ಕಾಮರ್ಸ್ ಪಾಠ ಮಾಡುವವಳು. ಆ ವರ್ಷ ಅಲ್ಲಿಗೆ ವೈವಾಗೆ, ಅಂದರೆ ಪ್ರಾಜೆಕ್ಟಿನ ಮೌಖಿಕ ಪರೀಕ್ಷೆಗೆ, ಹೊರಗಿನ ಪರೀಕ್ಷಕಿಯಾಗಿ ಹೋಗಿದ್ದೆ. ಉಳಿದದ್ದನ್ನು ಮೂವರೂ ಆಮೇಲೆ ಬೇರೆ ಬೇರೆಯಾಗಿ ಹೇಳಿದರು.

ಹಿನ್ನೆಲೆ

ನಾಲ್ಕನೇ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಇರುತ್ತದೆ. ವಿದ್ಯಾರ್ಥಿ ಒಂದು ಕಂಪನಿಗೆ ಹೋಗಬೇಕು. ಕೆಲವು ವಾರ ಅಲ್ಲಿದ್ದು, ಪ್ರಶ್ನಾವಳಿ ಹಂಚಿ, ಬಂದ ಉತ್ತರಗಳನ್ನು ಟೇಬಲ್ ಮಾಡಿ, ವರದಿ ಬರೆದು, ಬೈಂಡ್ ಮಾಡಿಸಿ ಕೊಡಬೇಕು. ಮೊದಲ ಪುಟಗಳಲ್ಲಿ ಗೈಡ್ ಕೊಡುವ ಪ್ರಮಾಣಪತ್ರ. ಇದು ಈ ವಿದ್ಯಾರ್ಥಿ ನನ್ನ ಮಾರ್ಗದರ್ಶನದಲ್ಲಿ ಸ್ವಂತವಾಗಿ ಮಾಡಿದ ಕೆಲಸ ಎಂದು ಗೈಡ್ ಸಹಿ ಹಾಕುತ್ತಾರೆ.

ತುಮಕೂರಿನ ಸುತ್ತ ಕಂಪನಿಗಳಿಗೇನೂ ಬರವಿಲ್ಲ. ವಸಂತನರಸಾಪುರ ಇದೆ, ಹಿರೇಹಳ್ಳಿ ಇದೆ, ಅಂತರಸನಹಳ್ಳಿ ಇದೆ. ಆದರೆ ಹುಡುಗರನ್ನು ಗೇಟಿನಿಂದ ಒಳಗೆ ಬಿಡುವವರು ಕಡಿಮೆ. ಪರಿಚಯದ ಎಚ್‌ಆರ್ ಒಬ್ಬರು ಸಿಕ್ಕರೆ ಸರ್ಟಿಫಿಕೇಟ್ ಸಿಗುತ್ತದೆ, ಮಾಹಿತಿ ಸಿಗುವುದಿಲ್ಲ. ಈ ಸಂದಿಯಲ್ಲೇ ರೆಡಿಮೇಡ್ ಪ್ರಾಜೆಕ್ಟ್ ಮಾರುವ ಜೆರಾಕ್ಸ್ ಅಂಗಡಿಗಳು ಬೆಳೆದಿವೆ. ವಿಷಯ ಹೇಳಿದರೆ ಸಾಕು, ಕಂಪನಿಯ ಹೆಸರು ಬದಲಿಸಿ, ಬೈಂಡ್ ಮಾಡಿ, ಕೈಗೆ ಕೊಡುತ್ತಾರೆ. ಇದು ಎಲ್ಲ ಊರಿನಲ್ಲೂ ಇದೆ, ಎಲ್ಲ ಅಧ್ಯಾಪಕರಿಗೂ ಗೊತ್ತು.

ವಿಭಾಗದ ಮುಖ್ಯಸ್ಥರಿಗೆ ನಿವೃತ್ತಿ ಹತ್ತಿರವಿತ್ತು. ಬಡ ಮನೆಯಿಂದ ಬಂದು, ಉಚಿತ ಹಾಸ್ಟೆಲಿನ ಅನ್ನ ತಿಂದು ಓದಿದವರು. ಆಡಿಟಿಂಗ್ ಅವರ ವಿಷಯ. ಫೀಸ್ ಕಟ್ಟಲಾಗದ ಹುಡುಗರಿಗೆ ಸುಮ್ನೆ ಯಾರಿಗೂ ಹೇಳದೆ ದುಡ್ಡು ಕಟ್ಟಿದ್ದು ವಿಭಾಗದಲ್ಲಿ ಎಲ್ಲರಿಗೂ ಗೊತ್ತು. ಮೇಡಂ ಕೂಡ ಕಾಯಂ ಅಧ್ಯಾಪಕಿ, ಬಿಸಿನೆಸ್ ಎಥಿಕ್ಸ್ ಪಾಠ ಮಾಡುವವರು. ಉಳಿದವರು ಅತಿಥಿಗಳು. ಅವರಲ್ಲಿ ಒಬ್ಬರಿಂದ ಈ ಪ್ರಕರಣ ಶುರುವಾಗುತ್ತದೆ. ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್ ಪಾಸಾದವರು, ವಯಸ್ಸು ನಲವತ್ತರ ಹತ್ತಿರ, ಶಾಲೆಗೆ ಹೋಗುವ ಇಬ್ಬರು ಮಕ್ಕಳು.

ಅತಿಥಿ ಉಪನ್ಯಾಸಕ ಅಂದರೆ ಏನು ಅಂತ ತುಮಕೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2023ರ ಕೊನೆಯಲ್ಲಿ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಕೆಲಸ ಕಾಯಂ ಮಾಡಿ ಎಂದು ತರಗತಿ ಬಿಟ್ಟು ಧರಣಿ ಕೂತಿದ್ದರು. 2024ರ ಜನವರಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆಯನ್ನೂ ಮಾಡಿದರು. ನಮ್ಮ ಪ್ರಕರಣ ಅದಾದ ಮೇಲಿನದು. ಈ ಉಪನ್ಯಾಸಕರಿಗೂ ಪ್ರತಿ ವರ್ಷ ಹೊಸ ಆದೇಶ ಬರಬೇಕು. ಅದಕ್ಕೆ ಮುಖ್ಯಸ್ಥರ ಶಿಫಾರಸು ಬೇಕು.

ಸಮಸ್ಯೆ

ವರದಿ ಕೊಡುವ ಕೊನೆಯ ದಿನ ಹತ್ತಿರವಿತ್ತು. ಅತಿಥಿ ಉಪನ್ಯಾಸಕರು ಮನೆಯಲ್ಲಿ ಕೂತು ತಮ್ಮ ಪಾಲಿನ ವರದಿಗಳನ್ನು ಓದುತ್ತಿದ್ದರು. ಓದುತ್ತಿದ್ದರು ಅನ್ನುವುದು ಇಲ್ಲಿ ಮುಖ್ಯ. ಬಹಳ ಜನ ಓದುವುದಿಲ್ಲ, ಪುಟ ತಿರುವಿ ಸಹಿ ಹಾಕುತ್ತಾರೆ. ವಸಂತನರಸಾಪುರದ ಒಂದು ಕಾರ್ಖಾನೆಯ ಕಾರ್ಮಿಕರ ತೃಪ್ತಿಯ ಬಗ್ಗೆ ಪಾವಗಡದ ಹುಡುಗನೊಬ್ಬ ವರದಿ ಕೊಟ್ಟಿದ್ದ. ನಾಲ್ಕನೇ ಅಧ್ಯಾಯದಲ್ಲಿ ಒಂದು ಟೇಬಲ್ಲಿನ ಕೆಳಗೆ, ಈ ಉತ್ತರ ಕೊಟ್ಟವರೆಲ್ಲ ಕೊಯಮತ್ತೂರು ನಗರದವರು ಎಂದು ಬರೆದಿತ್ತು.

ಒಂದು ವರದಿ ಆಗಿದ್ದರೆ ಹುಡುಗನನ್ನು ಕರೆದು ಬೈದು ಮುಗಿಸಬಹುದಿತ್ತು. ಮರುದಿನ ವಿಭಾಗದ ಬೀರುವಿನಲ್ಲಿದ್ದ ವರದಿಗಳನ್ನು ತೆಗೆದು ನೋಡಿದಾಗ ಇನ್ನೊಂದು ಕಂಪನಿಯ ಮೇಲಿನ ವರದಿಯಲ್ಲೂ ಅದೇ ಟೇಬಲ್‌ಗಳು, ಅದೇ ಸಂಖ್ಯೆಗಳು, ಅದೇ ಕೊಯಮತ್ತೂರು. ಆ ಎರಡನೇ ವರದಿಗೆ ಗೈಡ್ ಮುಖ್ಯಸ್ಥರು. ಅವರ ಸಹಿ ಆಗಲೇ ಬಿದ್ದಿತ್ತು.

ಈಗ ಅತಿಥಿ ಉಪನ್ಯಾಸಕರ ಸ್ಥಿತಿ ನೋಡಿ. ತಮ್ಮ ಹುಡುಗನ ವರದಿಯನ್ನು ತಿರಸ್ಕರಿಸಿದರೆ ಅವನು ಸುಮ್ಮನಿರುವುದಿಲ್ಲ, ಇನ್ನೊಬ್ಬನದು ಹೇಗೆ ಪಾಸಾಯಿತು ಎಂದು ಕೇಳಿಯೇ ಕೇಳುತ್ತಾನೆ. ಆಗ ಮುಖ್ಯಸ್ಥರ ಸಹಿ ಬಯಲಿಗೆ ಬರುತ್ತದೆ. ಮುಂದಿನ ವರ್ಷದ ಶಿಫಾರಸು ಅದೇ ಕೈಯಿಂದ ಬರಬೇಕು. ಸಹಿ ಹಾಕಿಬಿಟ್ಟರೆ ಯಾರಿಗೂ ತೊಂದರೆ ಇಲ್ಲ. "ಸಹಿ ಹಾಕೋಕೆ ಪೆನ್ನು ತೆಗೆದಿದ್ದೆ ಮೇಡಂ, ಸುಳ್ಳು ಯಾಕೆ ಹೇಳಲಿ" ಅಂತ ಅವರೇ ನನಗೆ ಹೇಳಿದರು.

ಮೊದಲು ಮಾಡಿ ನೋಡಿದ್ದು

ಅವರು ಮೊದಲು ಹುಡುಗನನ್ನು ಒಬ್ಬನನ್ನೇ ಕರೆದು ಕೇಳಿದರು. ಹುಡುಗ ತಕ್ಷಣ ಒಪ್ಪಿಕೊಂಡ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಮೂರೂವರೆ ಸಾವಿರ ಕೊಟ್ಟಿದ್ದ. ಸಂಜೆಯಿಂದ ರಾತ್ರಿ ತನಕ ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ಲಿಂಗ್ ಕೆಲಸ, ಬೆಳಿಗ್ಗೆ ಕ್ಲಾಸು. ಕಂಪನಿಯವರು ಒಳಗೆ ಬಿಡಲಿಲ್ಲ. "ಎಲ್ಲರೂ ಹಂಗೇ ಮಾಡ್ತಾರೆ ಸಾರ್" ಅಂದ. ಎಷ್ಟು ಜನ ಅಂದರೆ ಹೇಳಲಿಲ್ಲ.

ಆಮೇಲೆ ಕೃತಿಚೌರ್ಯ ಪತ್ತೆ ಮಾಡುವ ಸಾಫ್ಟ್‌ವೇರಿಗೆ ಹಾಕಿ ನೋಡೋಣ ಅಂತ ಮೇಡಂ ಹೇಳಿದರು. ಕೃತಿಚೌರ್ಯದ ಬಗ್ಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ನಿಯಮ ತಂದಿದೆ. ಹೋಲಿಕೆ ಶೇ. 10ರ ಒಳಗಿದ್ದರೆ ದಂಡವಿಲ್ಲ. 10ರಿಂದ 40 ಇದ್ದರೆ ತಿದ್ದಿ ಮತ್ತೆ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಸಂಖ್ಯೆ ಬಂದರೆ ನಾವು ತೀರ್ಮಾನ ಮಾಡುವ ಕಷ್ಟ ತಪ್ಪುತ್ತದೆ ಅನ್ನುವುದು ಅವರ ಲೆಕ್ಕ.

ಆದದ್ದೇ ಬೇರೆ. ಅಂಗಡಿಯಿಂದ ತಂದ ಎರಡೂ ವರದಿಗಳು ಶೇ. 10ರ ಒಳಗೇ ಬಂದವು. ಆ ವರದಿಗಳು ಅಂತರ್ಜಾಲದಲ್ಲಿ ಎಲ್ಲೂ ಇಲ್ಲ, ಜೊತೆಗೆ ಅಂಗಡಿಯವರು ವಾಕ್ಯಗಳನ್ನು ತಿರುಚಿಯೇ ಕೊಡುತ್ತಾರೆ. ತಿಪಟೂರಿನ ಹುಡುಗಿಯೊಬ್ಬಳು ನಿಜವಾಗಿ ಎಪಿಎಂಸಿಗೆ ಹೋಗಿ, ಕೊಬ್ಬರಿ ಬೆಳೆಗಾರರ ಜೊತೆ ಕೂತು ಮಾಡಿದ ವರದಿ ಸಿಕ್ಕಿಬಿತ್ತು. ಬೆಂಬಲ ಬೆಲೆಗೆ ಕೊಳ್ಳುವ ಸಹಕಾರಿ ಸಂಸ್ಥೆ ನಫೆಡ್‌ನ ಖರೀದಿಗೆ ಕಾಯುವುದೋ, ಹರಾಜಿನಲ್ಲೇ ಮಾರುವುದೋ ಅಂತ ರೈತರು ಹೇಗೆ ತೀರ್ಮಾನ ಮಾಡುತ್ತಾರೆ ಅನ್ನುವುದು ಅವಳ ವಿಷಯ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು. ಆ ಆದೇಶವನ್ನೂ ಖರೀದಿ ನಿಯಮಗಳನ್ನೂ ಅವಳು ಇದ್ದ ಹಾಗೆಯೇ ಇಳಿಸಿಕೊಂಡಿದ್ದಳು. ಹಾಗಾಗಿ ಶೇಕಡಾವಾರು ಏರಿತ್ತು. ಸಂಖ್ಯೆಯನ್ನೇ ನಂಬಿದರೆ ಕೊಂಡುಕೊಂಡವರು ಪಾಸು, ದುಡಿದವಳು ಮತ್ತೆ ಬರೆಯಬೇಕು.

ನನ್ನ ಅನಿಸಿಕೆಯಲ್ಲಿ ಈ ಪ್ರಕರಣದ ಮೊದಲ ತಿರುವು ಇದು. ನಿಯಮ ತೀರ್ಮಾನ ಮಾಡಿಕೊಡಲಿಲ್ಲ. ಅಧ್ಯಾಪಕರೇ ಮಾಡಬೇಕಾಯಿತು.

ಮುಖ್ಯಸ್ಥರ ಕೋಣೆಯಲ್ಲಿ

ಮೇಡಂ ಮತ್ತು ಅತಿಥಿ ಉಪನ್ಯಾಸಕರು ಇಬ್ಬರೂ ಸೇರಿ ಮುಖ್ಯಸ್ಥರ ಹತ್ತಿರ ಹೋದರು. ಒಬ್ಬರೇ ಹೋಗುವುದು ಬೇಡ ಎಂದು ಮೇಡಂ ಮೊದಲೇ ಹೇಳಿದ್ದರು. ಆದರೂ ಅಲ್ಲಿ ಮಾತು ಬಿಸಿಯಾಯಿತು.

ಮುಖ್ಯಸ್ಥರು ಎರಡೂ ವರದಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಎಲ್ಲದಕ್ಕೂ ಸಹಿ ಹಾಕಿ, ಅಂಕ ಕಮ್ಮಿ ಕೊಡಿ, ಮುಗಿಸಿ ಅಂದರು. "ಮಕ್ಕಳ ಹೊಟ್ಟೆ ಮೇಲೆ ಹೊಡೀಬಾರದು. ಒಂದು ವರ್ಷ ಹೋದರೆ ಆ ಮನೆಯವರು ಓದಿಸೋದೇ ನಿಲ್ಲಿಸ್ತಾರೆ. ನನಗೆ ಗೊತ್ತು." ಇದನ್ನು ತಪ್ಪಿಸಿಕೊಳ್ಳುವ ಮಾತು ಅಂತ ತಿಳಿದರೆ ಅವರಿಗೆ ಅನ್ಯಾಯ ಮಾಡಿದ ಹಾಗೆ. ಒಂದು ವರ್ಷ ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು ಅವರು ತಮ್ಮ ಜೊತೆ ಓದಿದವರಲ್ಲಿ ಕಂಡವರು.

ಮೇಡಂ ಒಪ್ಪಲಿಲ್ಲ. ಎಲ್ಲವನ್ನೂ ತಿರಸ್ಕರಿಸಿ ಪರೀಕ್ಷಾ ವಿಭಾಗಕ್ಕೆ ಬರೆಯೋಣ ಅಂದರು. ತಿಪಟೂರಿನ ಹುಡುಗಿಯೂ ಬಡ ಮನೆಯವಳೇ, ಅವಳಿಗೂ ಇವರಿಗೂ ಒಂದೇ ಡಿಗ್ರಿ ಕೊಟ್ಟರೆ ಅವಳಿಗೆ ಏನು ಹೇಳುವುದು ಎಂದು ಕೇಳಿದರು.

ಆಗ ಅತಿಥಿ ಉಪನ್ಯಾಸಕರು ಸಿಟ್ಟಾದರು. ಸಿಟ್ಟು ಬಂದದ್ದು ಮುಖ್ಯಸ್ಥರ ಮೇಲಲ್ಲ, ಮೇಡಂ ಮೇಲೆ. "ನೀವು ಕಾಯಂ ಮೇಡಂ. ನಿಮಗೆ ಮಾತಾಡೋದು ಸುಲಭ. ನಾಳೆ ಕಾಗದ ಹೋದರೆ ಅದರ ಮೇಲೆ ಇರೋದು ನನ್ನ ಹೆಸರು." ಮೇಡಂಗೆ ಆ ಮಾತು ತುಂಬಾ ನೋವು ಮಾಡಿತು. ಆದರೆ ಅದು ನಿಜ ಅಂತಲೂ ಗೊತ್ತಾಯಿತು. ಇಷ್ಟು ದಿನ ಅವರು ಇದನ್ನು ಸರಿ ತಪ್ಪಿನ ಪ್ರಶ್ನೆ ಅಂತ ನೋಡುತ್ತಿದ್ದರು. ಸರಿಯಾದದ್ದನ್ನು ಮಾಡಿದರೆ ಬೆಲೆ ಕಟ್ಟುವವರು ಯಾರು ಅಂತ ಕೇಳಿಕೊಂಡಿರಲಿಲ್ಲ.

ಅವರು ಎಥಿಕ್ಸ್ ಮಾತು ಅಲ್ಲಿಗೇ ಬಿಟ್ಟರು. ಮುಖ್ಯಸ್ಥರ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು: "ಸಾರ್, ನೀವು ಆಡಿಟರ್ ಆಗಿದ್ದಿದ್ರೆ ಈ ರಿಪೋರ್ಟಿಗೆ ಸಹಿ ಹಾಕ್ತಿದ್ರಾ?"

ಮುಖ್ಯಸ್ಥರು ವರ್ಷಗಟ್ಟಲೆ ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯ ಲೆಕ್ಕದ ವಂಚನೆ ಪ್ರಕರಣವನ್ನು ಪಾಠ ಮಾಡಿದವರು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ತಪ್ಪೊಪ್ಪಿಗೆ ಪತ್ರ ಬರೆದಿದ್ದು, ಬ್ಯಾಂಕಿನಲ್ಲಿ ಇಲ್ಲದ ದುಡ್ಡನ್ನು ಲೆಕ್ಕದಲ್ಲಿ ಇದೆ ಅಂತ ತೋರಿಸಿದ್ದು, 2015ರಲ್ಲಿ ಹೈದರಾಬಾದಿನ ಕೋರ್ಟು ರಾಜು ಜೊತೆಗೆ ಆಡಿಟರುಗಳಿಗೂ ಶಿಕ್ಷೆ ವಿಧಿಸಿದ್ದು. ಅದರಲ್ಲಿ ಅವರು ಹುಡುಗರಿಗೆ ಒತ್ತಿ ಹೇಳುತ್ತಿದ್ದದ್ದು ಒಂದೇ. ಲೆಕ್ಕ ಬರೆದವನು ಸುಳ್ಳು ಬರೆಯಬಹುದು, ನೋಡಿದ್ದೇನೆ ಅಂತ ಸಹಿ ಹಾಕುವವನು ನೋಡಲೇಬೇಕು.

ಅವರು ಉತ್ತರ ಕೊಡಲಿಲ್ಲ. ತಾವು ಸಹಿ ಹಾಕಿದ್ದ ವರದಿಯನ್ನು ಇನ್ನೊಮ್ಮೆ ತೆಗೆದು, ಕೊಯಮತ್ತೂರಿನ ಸಾಲನ್ನು ಗಟ್ಟಿಯಾಗಿ ಓದಿದರು. "ಇದು ನನ್ನ ಸಹಿ. ಪತ್ರ ನಾನು ಬರೀತೀನಿ, ನೀವು ಯಾರೂ ಬರೀಬೇಡಿ" ಅಂದರು.

ತೀರ್ಮಾನ

ಅವರು ಪರೀಕ್ಷಾ ವಿಭಾಗಕ್ಕೆ ಬರೆದ ಪತ್ರದಲ್ಲಿ ಯಾವ ವಿದ್ಯಾರ್ಥಿಯ ಹೆಸರೂ ಇರಲಿಲ್ಲ. ವಿಭಾಗದ ಪ್ರಾಜೆಕ್ಟ್‌ಗಳ ಮೇಲ್ವಿಚಾರಣೆಯಲ್ಲಿ ಕೊರತೆಯಾಗಿದೆ, ಮುಖ್ಯಸ್ಥನಾಗಿ ಹೊಣೆ ನನ್ನದು, ಕೆಲವು ವರದಿಗಳನ್ನು ಮತ್ತೆ ಪರಿಶೀಲಿಸಬೇಕು, ಸಮಯ ಕೊಡಿ ಎಂದಿತ್ತು. ನಿವೃತ್ತಿಯ ಹೊಸ್ತಿಲಲ್ಲಿ ಇಂಥ ಪತ್ರ ಬರೆಯುವುದು ಸಣ್ಣ ವಿಷಯವಲ್ಲ. ಹಳೆಯ ಸಹೋದ್ಯೋಗಿಗಳು ಬೇಡ ಅಂದರು. ಯಾವುದೋ ಜಾತಿಯ ಹುಡುಗನನ್ನು ಉಳಿಸಲು ಹೀಗೆ ಮಾಡಿದರು ಅಂತ ಕಾರಿಡಾರಿನಲ್ಲಿ ಗುಸುಗುಸು ನಡೆಯಿತು. ಅವರು ಉತ್ತರ ಕೊಡಲು ಹೋಗಲಿಲ್ಲ.

ಸ್ವಲ್ಪ ಸಮಯ ಸಿಕ್ಕಿತು. ಎಲ್ಲ ವಿದ್ಯಾರ್ಥಿಗಳಿಗೂ ವಿಭಾಗದಲ್ಲೇ ಒಂದು ಮೌಖಿಕ ಪರೀಕ್ಷೆ ಇಟ್ಟರು. ಕೈಯಲ್ಲಿ ವರದಿ ಇರಬಾರದು. ಕೇಳಿದ ಪ್ರಶ್ನೆಗಳೂ ಸಾದಾ. ಕಂಪನಿಗೆ ಯಾವ ಬಸ್ಸಿನಲ್ಲಿ ಹೋದೆ? ಒಳಗೆ ಮೊದಲು ಯಾರನ್ನು ಕಂಡೆ? ಪ್ರಶ್ನಾವಳಿ ತುಂಬಿದವರಲ್ಲಿ ಉತ್ತರ ಕೊಡಲ್ಲ ಅಂದವರು ಯಾರಾದರೂ ಇದ್ದರಾ? ನಿಜವಾಗಿ ಹೋದವರು ನಿಲ್ಲಿಸದೆ ಮಾತಾಡಿದರು. ಹೋಗದವರು ತಾವಾಗಿಯೇ ತಲೆ ಬಗ್ಗಿಸಿದರು. ಅಂಗಡಿಯ ವರದಿಗಳು ಎರಡೇ ಅಲ್ಲ, ಇನ್ನೂ ಇದ್ದವು. ಅಂಥವರಿಗೆ ಹೊಸದಾಗಿ, ಚಿಕ್ಕದಾಗಿ, ಸ್ವಂತದ್ದು ಮಾಡಿ ತರಲು ಹೇಳಿದರು. ಕಂಪನಿಯೇ ಆಗಬೇಕು ಅಂತ ಇಲ್ಲ, ನಿನಗೆ ಗೊತ್ತಿರುವ ವ್ಯಾಪಾರ ಆದರೂ ಸರಿ ಎಂದರು.

ಪಾವಗಡದ ಹುಡುಗನಿಗೆ ವಿಷಯ ಸಿಗಲಿಲ್ಲ. ನಿಮ್ಮೂರಲ್ಲಿ ಏನಿದೆ ಅಂತ ಅತಿಥಿ ಉಪನ್ಯಾಸಕರು ಕೇಳಿದರು. "ಏನೂ ಇಲ್ಲ ಸಾರ್, ಸೋಲಾರ್ ಪ್ಲೇಟ್ ಅಷ್ಟೇ" ಅಂದ. ಅವನ ಮನೆಯ ಜಮೀನೂ ಸೋಲಾರ್ ಪಾರ್ಕಿಗೆ ಹೋಗಿತ್ತು. ಪಾವಗಡದ ಪಾರ್ಕ್ 2,050 ಮೆಗಾವ್ಯಾಟ್‌ನದು, ಸುಮಾರು 13,000 ಎಕರೆ. ಅಲ್ಲಿ ಜಮೀನು ಮಾರಾಟ ಆಗಿಲ್ಲ, ಗುತ್ತಿಗೆಗೆ ಹೋಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರುತ್ತದೆ. ಆ ದುಡ್ಡನ್ನು ಮನೆಯವರು ಏನು ಮಾಡುತ್ತಾರೆ, ಯಾರು ತೀರ್ಮಾನ ಮಾಡುತ್ತಾರೆ, ಜಮೀನಿಲ್ಲದ ಕೂಲಿಯವರ ಗತಿ ಏನಾಯಿತು ಅಂತ ಕೇಳಿಕೊಂಡು ಬಾ ಎಂದರು. "ಅದೂ ಒಂದು ಪ್ರಾಜೆಕ್ಟಾ ಸಾರ್?" ಅಂದವನು ತನ್ನ ಊರಿನ ಇಪ್ಪತ್ತು ಮನೆಗಳಿಗೆ ಹೋಗಿ ಬಂದ.

ಆ ವರದಿಯನ್ನು ವೈವಾದಲ್ಲಿ ನಾನೇ ನೋಡಿದೆ. ಭಾಷೆ ಒರಟು, ಟೇಬಲ್ ಸರಿಯಾಗಿ ಕೂತಿಲ್ಲ. ಆದರೆ ಗುತ್ತಿಗೆ ದುಡ್ಡು ಗಂಡಸರ ಖಾತೆಗೆ ಬರುವ ಮನೆಗೂ ಹೆಂಗಸರ ಖಾತೆಗೆ ಬರುವ ಮನೆಗೂ ಖರ್ಚಿನಲ್ಲಿ ಏನು ವ್ಯತ್ಯಾಸ ಅಂತ ಹುಡುಗ ನಿಂತು ಹೇಳಿದ ರೀತಿ ನನಗೆ ಇವತ್ತಿಗೂ ನೆನಪಿದೆ. ಅವನಿಗೆ ಅಂಕ ಕೊಡಲು ಯೋಚಿಸಬೇಕಾಗಲಿಲ್ಲ.

ಎಲ್ಲರಿಗೂ ಹೀಗೆ ಒಳ್ಳೆಯದಾಗಲಿಲ್ಲ. ಒಬ್ಬ ಹುಡುಗಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು. ಅಂಕಪಟ್ಟಿ ಒಂದು ತಾರೀಖಿನೊಳಗೆ ಬೇಕಿತ್ತು. ಅವಳು ಪ್ರಾಜೆಕ್ಟನ್ನು ಸ್ವಂತವಾಗಿಯೇ ಮಾಡಿದ್ದಳು. ಆದರೆ ಇಡೀ ಬ್ಯಾಚಿನ ಫಲಿತಾಂಶ ತಡವಾಯಿತು, ಕೆಲಸ ತಪ್ಪಿತು. ಮೇಡಂ ಆ ಕಂಪನಿಗೆ ಫೋನ್ ಮಾಡಿದರು, ಪತ್ರ ಬರೆದರು, ಪ್ರಯೋಜನವಾಗಲಿಲ್ಲ. ಅವಳಂಥವರಿಗೆ ನ್ಯಾಯ ಸಿಗಲಿ ಅಂತಲೇ ಅವರು ಹಠ ಹಿಡಿದಿದ್ದು. ಪೆಟ್ಟು ಬಿದ್ದದ್ದು ಅವಳಿಗೇ. ತಡವಾಗುವುದರಿಂದ ಯಾರಿಗೆ ನಷ್ಟ ಅಂತ ಮೊದಲೇ ಪಟ್ಟಿ ಮಾಡಿ, ಅಂಥವರ ವೈವಾವನ್ನು ಮೊದಲು ಮುಗಿಸಬಹುದಿತ್ತು. ಯಾರಿಗೂ ಹೊಳೆಯಲಿಲ್ಲ. ಇಂಥ ಪರಿಸ್ಥಿತಿಗೆ ಸಿಗುವವರು ಮೊದಲ ದಿನವೇ ಮಾಡಬೇಕಾದ ಕೆಲಸ ಇದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಈ ಪ್ರಕರಣದಲ್ಲಿ ಕಾಣುವುದು

ಮೌಲ್ಯಗಳ ಬಗ್ಗೆ ಓದಿದವರಿಗೆ ಮನಶ್ಶಾಸ್ತ್ರಜ್ಞ ಶಲೋಮ್ ಶ್ವಾರ್ಟ್ಸ್ 1992ರಲ್ಲಿ ಮುಂದಿಟ್ಟ ಚಿತ್ರ ಗೊತ್ತಿರುತ್ತದೆ. ಅವರು ಹತ್ತು ಮೌಲ್ಯಗಳನ್ನು ಒಂದು ವೃತ್ತದಲ್ಲಿ ಜೋಡಿಸಿದರು. ಪಕ್ಕಪಕ್ಕದವು ಜೊತೆಯಾಗಿ ಹೋಗುತ್ತವೆ, ಎದುರುಬದುರಿನವು ಒಂದನ್ನೊಂದು ಎಳೆಯುತ್ತವೆ. ತನ್ನ ಹತ್ತಿರದವರ ಒಳಿತು ಬಯಸುವುದು ಒಂದು ಮೌಲ್ಯ. ಎಲ್ಲರಿಗೂ ನ್ಯಾಯ ಬಯಸುವುದು ಇನ್ನೊಂದು. ಈ ಎರಡೂ ಆ ವೃತ್ತದಲ್ಲಿ ಅಕ್ಕಪಕ್ಕದಲ್ಲೇ ಇವೆ. ಮುಖ್ಯಸ್ಥರು ಮೊದಲನೆಯದರಲ್ಲಿ ನಿಂತಿದ್ದರು, ಮೇಡಂ ಎರಡನೆಯದರಲ್ಲಿ. ಶತ್ರುಗಳ ಹಾಗೆ ಜಗಳವಾಡಿದರೂ ಇಬ್ಬರೂ ನೆರೆಮನೆಯವರು. ಅದಕ್ಕೇ ಒಂದೇ ಪ್ರಶ್ನೆಗೆ ಇಬ್ಬರ ನಡುವಿನ ಗೋಡೆ ಬಿತ್ತು ಅಂತ ನನಗೆ ಅನ್ನಿಸುತ್ತದೆ. ಆ ಪ್ರಶ್ನೆಯೂ ಮೇಡಂ ಮೌಲ್ಯದಿಂದ ಬಂದದ್ದಲ್ಲ, ಮುಖ್ಯಸ್ಥರು ತಾವೇ ಪಾಠ ಮಾಡುತ್ತಿದ್ದ ಕಸುಬಿನಿಂದ ಬಂದದ್ದು. ಎದುರಿನವರಿಗೆ ನಮ್ಮ ಮೌಲ್ಯ ಬೋಧಿಸುವ ಬದಲು ಅವರದೇ ಮೌಲ್ಯವನ್ನು ಅವರ ಮುಂದೆ ಇಟ್ಟರೆ ಕೆಲಸ ಆಗುತ್ತದೆ ಅನ್ನುವುದನ್ನು ನಾನು ಇಲ್ಲಿ ಕಂಡೆ.

ಅತಿಥಿ ಉಪನ್ಯಾಸಕರ ವಿಷಯ ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ರೆಸ್ಟ್ 1980ರ ದಶಕದಲ್ಲಿ, ನೈತಿಕ ನಡೆಗೆ ನಾಲ್ಕು ಅಂಗಗಳಿವೆ ಅಂದರು. ಇಲ್ಲೊಂದು ನೈತಿಕ ಪ್ರಶ್ನೆ ಇದೆ ಅಂತ ಕಾಣಬೇಕು. ಯಾವುದು ಸರಿ ಅಂತ ತೂಗಬೇಕು. ಬೇರೆ ಆಸೆಗಳಿಗಿಂತ ಅದನ್ನು ಮೇಲಿಡಬೇಕು. ಕೊನೆಗೆ ಅದನ್ನು ಮಾಡಿ ಮುಗಿಸುವ ಗಟ್ಟಿತನ ಇರಬೇಕು. ವರದಿಯನ್ನು ಪೂರ್ತಿ ಓದಿದವರು ಇವರು. ಕಂಡವರು, ತೂಗಿದವರು ಇವರು. ಎರಡನೇ ವರದಿಯನ್ನು ಬೀರುವಿನಿಂದ ತೆಗೆದು ನೋಡಿದವರೂ ಇವರೇ. ನಾಲ್ಕನೆಯದರಲ್ಲಿ ಮಾತ್ರ ಕಾಲು ನಡುಗಿತು. ಅದನ್ನು ಅವರ ಸ್ವಭಾವದ ಕೊರತೆ ಅಂತ ನಾನು ಒಪ್ಪುವುದಿಲ್ಲ. ಅವರ ಕೆಲಸದ ಆದೇಶಕ್ಕೇ ಪ್ರತಿ ವರ್ಷ ಆಯಸ್ಸು ಮುಗಿಯುತ್ತದೆ. ಅಂಥವರ ಹತ್ತಿರ ಧೈರ್ಯ ತೋರಿಸಿ ಅಂತ ಕೇಳುವ ಹಕ್ಕು ಕಾಯಂ ಇರುವ ನಮಗೆ ಎಷ್ಟಿದೆ? ಮುಖ್ಯಸ್ಥರ ಪತ್ರದಿಂದ ಆದ ದೊಡ್ಡ ಕೆಲಸ ಅಂದರೆ, ಆ ಭಾರವನ್ನು ಕೆಳಗಿನ ಹೆಗಲಿನಿಂದ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡದ್ದು.

ಮುಂದಿನ ವರ್ಷದಿಂದ ವಿಭಾಗದಲ್ಲಿ ಕೆಲವು ಬದಲಾವಣೆ ಬಂದವು. ಸಹಿಗೆ ಮುಂಚೆ ಗೈಡ್ ಜೊತೆ ನಾಲ್ಕು ಭೇಟಿ ಕಡ್ಡಾಯ. ತುಂಬಿದ ಪ್ರಶ್ನಾವಳಿಗಳ ಮೂಲ ಪ್ರತಿಯನ್ನು ತೋರಿಸಬೇಕು. ಊರಿನ ಸಂತೆ, ಡೈರಿ, ಅಂಗಡಿ, ಸಂಘ, ಯಾವುದರ ಮೇಲೆ ಬೇಕಾದರೂ ಪ್ರಾಜೆಕ್ಟ್ ಮಾಡಬಹುದು. ಒಬ್ಬರ ವಿದ್ಯಾರ್ಥಿಯ ವರದಿಯನ್ನು ಇನ್ನೊಬ್ಬ ಗೈಡ್ ಓದಿದ ಮೇಲೆಯೇ ಸಹಿ. ಇದರಲ್ಲಿ ಕೊನೆಯದು ನನಗೆ ತುಂಬಾ ಇಷ್ಟವಾಯಿತು. ಒಬ್ಬರೇ ಕಂಡು, ಒಬ್ಬರೇ ರಾತ್ರಿಯೆಲ್ಲ ಒದ್ದಾಡುವುದು ಇದರಿಂದ ತಪ್ಪುತ್ತದೆ.

ಮುಖ್ಯಸ್ಥರು ಈಗ ನಿವೃತ್ತರು. ಹೋಗುವ ಮುಂಚೆ ಅತಿಥಿ ಉಪನ್ಯಾಸಕರಿಗೆ ಅವರೇ ಶಿಫಾರಸು ಬರೆದರು, ಆದೇಶ ಬಂತು. ಆದರೆ ನಾಲ್ಕು ಭೇಟಿ, ಇನ್ನೊಬ್ಬರ ವರದಿ ಓದುವುದು, ಇವೆಲ್ಲ ಅತಿಥಿ ಉಪನ್ಯಾಸಕರ ಕೆಲಸದ ಗಂಟೆಗಳ ಲೆಕ್ಕಕ್ಕೆ ಸೇರಿಲ್ಲ. ತರಗತಿಯಲ್ಲಿ ನಿಂತ ಗಂಟೆಗೆ ಮಾತ್ರ ಲೆಕ್ಕ. ಕೊಯಮತ್ತೂರನ್ನು ಕಂಡುಹಿಡಿದ ಆ ರಾತ್ರಿಯ ಓದಿಗೂ ಸಂಬಳವಿರಲಿಲ್ಲ. ಪ್ರಾಜೆಕ್ಟ್ ಮಾರ್ಗದರ್ಶನವನ್ನೂ ಕಾರ್ಯಭಾರದಲ್ಲಿ ಸೇರಿಸಿ ಎಂದು ಅತಿಥಿ ಉಪನ್ಯಾಸಕರೂ ಮೇಡಂ ಕೂಡ ಸೇರಿ ಮನವಿ ಕೊಟ್ಟಿದ್ದಾರೆ. ಇನ್ನೂ ಉತ್ತರ ಬಂದಿಲ್ಲ. ಈ ವರ್ಷ ಅತಿಥಿ ಉಪನ್ಯಾಸಕರ ಪಾಲಿಗೆ ಹೋದ ಸಲಕ್ಕಿಂತ ಜಾಸ್ತಿ ವಿದ್ಯಾರ್ಥಿಗಳು ಬಂದಿದ್ದಾರೆ.